ಸಮುದ್ರದ ಫೋಟೋ

"ಗುರುಗಳೇ, ಪ್ರವಚನಕ್ಕೆ ಕರಿಬಸಯ್ಯನನ್ನು ಕೂರಿಸಿದಿರಿ. ಅವನಿಗಿಂತ ಎರಡು ವರ್ಷ ಮೊದಲೇ ಮಠಕ್ಕೆ ಬಂದವನು ನಾನು. ಅವನಲ್ಲಿರುವುದು ನನ್ನಲ್ಲಿ ಏನಿಲ್ಲ?" ಎಂದು ಮರುಳಯ್ಯ ಕೇಳಿದ. ಬೆಳಗಿನ ಪ್ರವಚನ ಮುಗಿದು ಜನ ಆಗಷ್ಟೇ ಎದ್ದು ಹೋಗಿದ್ದರು.

ಗುರುಗಳು ಯಾವುದಕ್ಕೂ ನೇರ ಉತ್ತರ ಕೊಡುವವರಲ್ಲ. ಕೂರಲು ಹೇಳಿ ಕತೆ ಶುರು ಮಾಡಿದರು.

ಒಬ್ಬ ಜವಳಿ ವ್ಯಾಪಾರಿ. ಅವನ ಹೆಂಡತಿಗೆ ಕಾಲಿನ ಸ್ವಾಧೀನವಿರಲಿಲ್ಲ. ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ವ್ಯಾಪಾರಿ ಊರಿನವರ ಜೊತೆ ಬಸ್ಸಿನಲ್ಲಿ ಕನ್ಯಾಕುಮಾರಿಗೆ ಹೊರಟಾಗ ಅವಳು ಕೇಳಿದ್ದು ಒಂದೇ. "ಸೀರೆ ಗೀರೆ ತರಬೇಡಿ, ಅಂಗಡಿ ತುಂಬ ಅದೇ ಇದೆ. ಸಮುದ್ರದ ಫೋಟೋ ತನ್ನಿ. ಒಂದ್ಸಲ ಕಣ್ತುಂಬ ನೋಡ್ಬೇಕು."

ವ್ಯಾಪಾರಿ ಅಂಗೈಯಗಲದ ಹೊಸ ಕ್ಯಾಮೆರಾ ಕೊಂಡ. ಮಾರಿದವನು ಹೇಳಿಕೊಟ್ಟ: ಯಾವುದರ ಫೋಟೋ ಬೇಕೋ ಅದರ ಕಡೆ ಹಿಡಿದು ಗುಂಡಿಯನ್ನು ಅರ್ಧ ಒತ್ತಬೇಕು. ಪರದೆಯ ಮೇಲಿನ ಚೌಕ ಹಸಿರಾಯಿತೆಂದರೆ ಕ್ಯಾಮೆರಾಗೆ ಅದು ಸರಿಯಾಗಿ ಕಂಡಿತು. ಬೆರಳು ಬಿಡುವವರೆಗೂ ಅದರ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಆಮೇಲೆ ಪೂರ್ತಿ ಒತ್ತಬೇಕು. ವ್ಯಾಪಾರಿ ಒಂದು ವಾರ ಬೆಕ್ಕು, ನೀರಿನ ಹಂಡೆ, ಹೆಂಡತಿಯ ಮುಖ ಎಲ್ಲ ತೆಗೆದು ಕೈ ಪಳಗಿಸಿಕೊಂಡ. ಒಂದೂ ಕೆಡಲಿಲ್ಲ.

ಅದೇ ಬಸ್ಸಿನಲ್ಲಿ ಒಬ್ಬ ದರ್ಜಿಯಿದ್ದ. ವ್ಯಾಪಾರಿಯ ಅಂಗಡಿಯ ಕಟ್ಟೆಯ ಮೇಲೇ ಮಿಷಿನ್ ಇಟ್ಟುಕೊಂಡು ಹೊಲಿಯುವವನು. ಅವನ ಬಳಿಯೂ ಅಂಥದ್ದೇ ಕ್ಯಾಮೆರಾ, ಅದೂ ಹಳೆಯದು. ಬಸ್ಸು ನಿಂತ ಮೊದಲ ಊರಿನಲ್ಲೇ ಜನ ದರ್ಜಿಯ ಫೋಟೋ ನೋಡಿ ಬಾಯಿ ತುಂಬ ಹೊಗಳಿದರು. ವ್ಯಾಪಾರಿಯ ಫೋಟೋ ನೋಡಿ ಚೆನ್ನಾಗಿದೆ ಎಂದಷ್ಟೇ ಹೇಳಿ ಇಡ್ಲಿ ತಿನ್ನಲು ಹೋದರು. ವ್ಯಾಪಾರಿಯ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ನನ್ನ ಕಟ್ಟೆಯ ಮೇಲೆ ಕಾಜ ಹೊಲಿಯುವವನಿಗೆ ಇಷ್ಟು ಹೊಗಳಿಕೆಯೇ? ಇವನು ಏನೋ ಗುಟ್ಟು ಮುಚ್ಚಿಟ್ಟುಕೊಂಡಿದ್ದಾನೆ.

ಅಲ್ಲಿಂದ ಮುಂದೆ ವ್ಯಾಪಾರಿ ಅವನ ಬೆನ್ನು ಬಿಡಲಿಲ್ಲ. ದರ್ಜಿ ಬಗ್ಗಿದರೆ ತಾನೂ ಬಗ್ಗಿದ. ದರ್ಜಿ ಬಂಡೆ ಹತ್ತಿದರೆ ಏದುಸಿರು ಬಿಡುತ್ತ ತಾನೂ ಹತ್ತಿದ. ಕನ್ಯಾಕುಮಾರಿಯಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ದರ್ಜಿ ನೀರಿನ ಅಂಚಿನಲ್ಲಿ ನಿಂತಿದ್ದ. ವ್ಯಾಪಾರಿ ಹಿಂದೆಯೇ ನಿಂತು, ಜೂಮ್ ಎಳೆದು, ಅವನು ಏನು ಮಾಡುತ್ತಾನೆಂದು ಕ್ಯಾಮೆರಾದಲ್ಲೇ ನೋಡುತ್ತ ಗುಂಡಿಯನ್ನು ಅರ್ಧ ಒತ್ತಿ ಕಾಯುತ್ತಿದ್ದ. ದರ್ಜಿ ಕ್ಲಿಕ್ಕಿಸಿದ ಕೂಡಲೇ ಬೆರಳು ಸಡಿಲಿಸದೆ ಕ್ಯಾಮೆರಾವನ್ನು ಸಮುದ್ರದ ಕಡೆ ಸರಿಸಿ ಪೂರ್ತಿ ಒತ್ತುತ್ತಿದ್ದ. ಹೀಗೇ ನಲವತ್ತು ಫೋಟೋ ತೆಗೆದ.

ಮನೆಗೆ ಬಂದವನೇ ಟೀವಿಗೆ ಹಾಕಿ ತೋರಿಸಿದ. ಹೆಂಡತಿ ಕನ್ನಡಕ ಒರೆಸಿಕೊಂಡು ನೋಡಿದಳು. ಮತ್ತೊಮ್ಮೆ ಒರೆಸಿಕೊಂಡಳು. ಪ್ರತಿಯೊಂದು ಫೋಟೋದ ಅಂಚಿನಲ್ಲೂ ದರ್ಜಿಯ ಬೆನ್ನು, ಅಂಗಿಯ ಹೊಲಿಗೆ ಎಣಿಸುವಷ್ಟು ಸ್ಪಷ್ಟವಾಗಿ. ಉಳಿದದ್ದೆಲ್ಲ ನೀಲಿ ಮಬ್ಬು.

"ಇವ್ನು ನಮ್ಮ ಕಟ್ಟೆ ದರ್ಜಿ ಅಲ್ವೇನ್ರೀ? ಇವನ್ನ ದಿನಾ ಕಿಟಕೀಲಿ ನೋಡ್ತೀನಿ. ಸಮುದ್ರ ಎಲ್ಲಿ?"

ಬಾಯಲ್ಲಾದರೂ ಹೇಳೋಣವೆಂದು ವ್ಯಾಪಾರಿ ಕಣ್ಣು ಮುಚ್ಚಿ ನೆನೆಸಿಕೊಂಡ. ಅಲೆ ಹೇಗೆ ಬರುತ್ತಿತ್ತು, ನೀರು ಯಾವ ಬಣ್ಣವಿತ್ತು, ಒಂದೂ ನೆನಪಾಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ದಡ್ಡ, ಗುರುಗಳೇ" ಎಂದ.

"ಇರಲಿ. ಬೆಳಿಗ್ಗೆಯಿಂದ ಮುಂದಿನ ಸಾಲಿನಲ್ಲೇ ಕೂತಿದ್ದೆಯಲ್ಲ, ಕರಿಬಸಯ್ಯ ಇವತ್ತು ಏನು ಹೇಳಿದ?" ಎಂದು ಗುರುಗಳು ಕೇಳಿದರು.

ಮರುಳಯ್ಯ ಕಣ್ಣು ಮುಚ್ಚಿ ನೆನೆಸಿಕೊಂಡ; ಕರಿಬಸಯ್ಯ ಕೂತ ರೀತಿ, ಕೈಯಾಡಿಸಿದ ರೀತಿ ಎಲ್ಲ ಕಂಡಿತು, ಅವನು ಹೇಳಿದ ಒಂದು ಮಾತೂ ನೆನಪಾಗಲಿಲ್ಲ.