ನೆಲದ ಜಾಗ

ಆ ಕೋಳಿಗೂಡಿನಲ್ಲಿ ಕುಕ್ಕುವವರು ಮೇಲಿನ ಗಳದಲ್ಲೂ ಕುಕ್ಕಿಸಿಕೊಳ್ಳುವವರು ಕೆಳಗಿನ ಗಳದಲ್ಲೂ ಕೂರುವುದು ರೂಢಿ. ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತಿದ್ದ ಚುಕ್ಕಿಗೆ ನೆಲವೇ ಗತಿ. ಅವಳಿಗಿಂತ ಒಂದು ಗಳ ಮೇಲೆ ಕೂರುತ್ತಿದ್ದವಳು ಕೆಂಚಿ.

ಈ ರೂಢಿಯನ್ನು ಬಹಳ ಕಾಲದಿಂದ ಗಮನಿಸುತ್ತಿದ್ದ ಗೊರವಂಕವೊಂದು ಒಂದು ಸಂಜೆ ಜಾಲರಿಯ ಹೊರಗಿನಿಂದ ಹೇಳಿತು: "ಕೆಂಚಮ್ಮ, ಕಾಡುಬೆಕ್ಕು ಬೇಲಿ ದಾಟಿದೆ. ಅದರ ಪಂಜಕ್ಕೆ ನೆಲದಲ್ಲಿದ್ದವರು ಮಾತ್ರ ಎಟುಕುತ್ತಾರೆ. ನಿನ್ನ ಪಕ್ಕ ಜಾಗವಿದೆ, ಚುಕ್ಕಿಯನ್ನು ಹತ್ತಿಸಿಕೋ."

ಬೆಕ್ಕಿಗಿಂತ ದೊಡ್ಡ ಭಯವೊಂದು ಕೆಂಚಿಯನ್ನು ಹಿಡಿದಿತ್ತು.

"ಅವಳು ನನ್ನ ಸಮಕ್ಕೆ ಕೂತರೆ ನಾನು ಯಾರಿಗಿಂತ ಮೇಲು?"

ಚುಕ್ಕಿ ಗಳಕ್ಕೆ ಹಾರಿದಳು. ಕೆಂಚಿ ಅವಳ ನೆತ್ತಿಗೆ ಕುಕ್ಕಿ ಕೆಡವಿದಳು. ಅಷ್ಟರಲ್ಲಿ ಜಾಲರಿಯ ಕಿಂಡಿಯಿಂದ ಪಂಜ ಒಳಗೆ ಬಂತು. ಚುಕ್ಕಿ ಒಮ್ಮೆ ಕೂಗಿದಳು, ಆಮೇಲೆ ನೆಲದಲ್ಲಿ ಪುಕ್ಕಗಳಷ್ಟೇ ಉಳಿದವು.

ಸದ್ಯ, ಬದುಕಿಕೊಂಡೆ ಎಂದು ಕೆಂಚಿ ಗಳವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಗ ತುತ್ತತುದಿಯ ಗಳದಿಂದ ಹಿರಿಯ ಹೇಂಟೆಯ ದನಿ ನಿಧಾನವಾಗಿ ಕೇಳಿಸಿತು.

"ನೆಲದ ಜಾಗವನ್ನು ಖಾಲಿ ಬಿಡುವ ರೂಢಿ ನಮ್ಮಲ್ಲಿಲ್ಲ. ಕೆಂಚಿ, ಕೆಳಗಿಳಿ."