ದಾವಲಸಾಬನ ಒಂದೇ ಸಿನೆಮಾ

ಕೂಡ್ರಿ, ಹೇಳ್ತೀನಿ. ಯಾವ ಕಾಲದ್ದು ಅಂತ ಕೇಳಬ್ಯಾಡ್ರಿ, ಅದು ನಮ್ಮಜ್ಜಗೂ ಗೊತ್ತಿರಲಿಲ್ಲ. ಭಾಳ ಹಿಂದ, ಈ ನಮ್ಮ ನೇಕಾರರ ಊರಾಗ, ದಾವಲಸಾಬ ಅಂತ ಒಬ್ಬ ಇದ್ದ. ಲಗ್ನದ ಫೋಟೋ ತೆಗದು ಹೊಟ್ಟಿ ಹೊರಕೊಂತಿದ್ದ. ಅವಂಗ ಒಂದೇ ಹುಚ್ಚು: ಊರ ಮಂದೀನ ಇಟಗೊಂಡು ಒಂದು ಸಿನೆಮಾ ಮಾಡಬೇಕು.

ಪ್ಯಾಟಿಗೆ ಹೋಗಿ ದೊಡ್ಡ ಕಂಪನಿಯವರ ಬಾಗಲದಾಗ ವಾರಗಟ್ಲೆ ನಿಂತನಂತ. ಅವರು ಶೂಟಿಂಗ್ ಮುಗಿಸಿ ಬಿಟ್ಟ ಖಾಲಿ ರೀಲಿನ ತುಂಡು ಬೇಡಿಕೊಂಡು ಬಂದನಂತ. ಕ್ಯಾಮೆರಾನೂ ಕೈಗಡ. ಹಿಂಗಾಗಿ ಪ್ರತಿ ಸೀನು ಒಂದೇ ಸಲಕ್ಕ ಆಗಬೇಕು, ತಪ್ಪಿದ್ರ ಮತ್ತ ರೀಲಿಲ್ಲ. ಮಂದಿ ಮಗ್ಗ ಬಿಟ್ಟು ಎದ್ದು ಬಂದು ಆರು ತಿಂಗಳು ಮಾತು ಬಾಯಿಪಾಠ ಮಾಡಿದ್ರು. ಕೆಲವರು ಮೂರು ವರ್ಷ ಅಂತಾರ. ಶೂಟಿಂಗಿನ ದಿನ ಲೈಟ್ ಇರಲಿಲ್ಲ, ಹೆಣ್ಣಮಕ್ಕಳು ಹಿತ್ತಾಳಿ ತಾಟು ತಿಕ್ಕಿ ತಂದು ಬಿಸಲು ಹಿಡದು ನಿಂತ್ರು. ಸೂರ್ಯನೂ ಆವತ್ತು ಒಂದು ತಾಸು ತಡದು ಮುಳುಗಿದ ಅಂತಾರ.

ಕಡೀ ಸೀನು ಬಂತು. ತಾಯಿ ಮಗಳನ್ನ ಗಂಡನ ಮನಿಗೆ ಕಳಸೋದು. ತಾಯಿ ಆದಾಕಿ ನೂಲು ಸುತ್ತೋ ಮುದುಕಿ ನೀಲವ್ವ. ಉಳಿದಿದ್ದು ಒಂದೇ ತುಂಡು ರೀಲು. ಕ್ಯಾಮೆರಾ ಸುರು ಆತು, ನೀಲವ್ವಗ ಮಾತು ಮರತೇ ಹೋತು. ಬಾಯಿ ತೆರದಳು, ಮುಚ್ಚಿದಳು. ಆಮ್ಯಾಲ ಮಗಳ ಸೆರಗು ಸರಿ ಮಾಡಿ, ಅದರ ಅಂಚು ಬೆರಳಾಗ ತಿಕ್ಕಿ ನೋಡಿ, "ನೂಲು ಗಟ್ಟಿ ಐತಿ ಮಗಳ, ಬಾಳಿಕಿ ಬರತೈತಿ" ಅಂದು ಮಾರಿ ತಿರುವಿದಳು. ರೀಲು ಮುಗೀತು.

"ಎಲ್ಲಾ ಹಾಳ ಮಾಡಿದ್ನಲ್ಲೋ ದಾವಲಾ" ಅಂತ ನೀಲವ್ವ ಅಲ್ಲೇ ಕುಸದು ಅತ್ತಳು.

ದಾವಲಸಾಬ ಅಕಿ ಕಾಲ ಹತ್ರ ಕುಂತ. ಅವನ ಕಣ್ಣಾಗೂ ನೀರು. "ಯವ್ವಾ, ಇಷ್ಟು ಚಲೋ ಮಾತು ನನಗ ಬರಿಯಾಕ ಬಂದಿರಲಿಲ್ಲಬೇ" ಅಂದ.

ಹಾಡಿಲ್ಲ, ಹೀರೋ ಇಲ್ಲ ಅಂತ ಪ್ಯಾಟಿ ಥೇಟರಿನವರು ಒಬ್ಬರೂ ಸಿನೆಮಾ ಹಚ್ಚಲಿಲ್ಲ. ಎರಡು ದಿನ ದಾವಲಸಾಬ ಉಣಲಿಲ್ಲಂತ. ಮೂರನೇ ದಿನ ರೀಲಿನ ಡಬ್ಬಿ, ಕೈಗಡ ತಂದ ಪ್ರೊಜೆಕ್ಟರು ಸೈಕಲ್ಲಿಗೆ ಕಟಗೊಂಡು ಹೊಂಟ. ಹತ್ತಿ ಗೋದಾಮು, ಸಾಲಿ ಖೋಲಿ, ಎಲ್ಲಿ ಕತ್ತಲ ಮಾಡಾಕ ಬರತೈತೋ ಅಲ್ಲಿ ತೋರಿಸಿದ. ನೂರಾ ಒಂದು ಊರು ಅಂತಾರ. ನೀಲವ್ವ ಮಾರಿ ತಿರುವಿದಾಗ, ಹೆಣ್ಣ ಹೆತ್ತ ಗಂಡಸರು ಎದ್ದು ಹೊರಗ ಹೋಗಿ ನಿಲ್ತಿದ್ರಂತ.

ಈಗ ಆ ರೀಲಿನ ದನಿ ಪೂರಾ ಅಳಿಸೈತಿ, ಚಿತ್ರ ಅಷ್ಟ ಉಳದೈತಿ. ಆದ್ರೂ ವರ್ಷಕ್ಕೊಮ್ಮೆ ಸಾಲಿ ಕಿಟಕಿಗೆ ಕಂಬಳಿ ಕಟ್ಟಿ ಹಚ್ತೀವಿ. ಪರದೇದ ಮ್ಯಾಲ ಯಾರ ಮುತ್ಯಾ ಬಾಯಿ ತೆರೀತಾನೋ, ಆ ಮನಿಯವರು ಎದ್ದು ನಿಂತು ಅವನ ಮಾತು ಹೇಳ್ತಾರ. ನಮ್ಮೂರಿಗೆ ಸೊಸಿ ಆಗಿ ಬಂದಾಕಿಗೆ ಅಡಗಿ ಮನಿ ತೋರಿಸೂಕಿಂತ ಮದಲ ಸಿನೆಮಾದಾಗಿನ ಆ ಮನಿ ಮಾತು ಕಲಿಸ್ತಾರ.