ಇಪ್ಪತ್ತೆರಡು ಬೈ ಏಳು ದೊಡ್ಡಮ್ಮನ ಅಂಕಿಗಳು

ಭಿನ್ನರಾಶಿಗಳದು ಹಳೆಯ, ಮರ್ಯಾದಸ್ಥ ಮನೆತನ. ಅರ್ಧ, ಕಾಲು, ಮುಕ್ಕಾಲು ಇವರ ನೆರವಿಲ್ಲದೆ ಯಾವ ಮನೆಯಲ್ಲೂ ಹಾಲು ಅಳೆದದ್ದಿಲ್ಲ. ಆ ಮನೆತನದ ಹಿರಿಯರು ಇಪ್ಪತ್ತೆರಡು ಬೈ ಏಳು ದೊಡ್ಡಮ್ಮ. ಶಾಲೆಯ ಕರಿಹಲಗೆಯ ಮೇಲೆ ಪೈಯ ಬದಲು ತಾವೇ ನಿಂತು, ತಲೆಮಾರುಗಳಿಂದ ವೃತ್ತದ ಲೆಕ್ಕ ಬಿಡಿಸಿಕೊಟ್ಟವರು. ಹೀಗಿರುವಾಗ ಟೀಚರು ಒಂದು ದಿನ ಗೋಡೆಯುದ್ದಕ್ಕೂ ಪೈಯ ಅಂಕಿಗಳನ್ನೇ ಅಂಟಿಸಿಬಿಟ್ಟರು. ಹುಡುಗಿಯರೆಲ್ಲ ಹಲಗೆಗೆ ಬೆನ್ನು ಹಾಕಿ ಅತ್ತ ಓಡಿದ್ದನ್ನು ಕಂಡು ದೊಡ್ಡಮ್ಮನ ಹೊಟ್ಟೆಯಲ್ಲಿ ಕಿಚ್ಚೆದ್ದಿತು.

"ಏನೇ ಪೈ, ಕೊನೆಯಿಲ್ಲದವಳು ನೀನೊಬ್ಬಳೇ ಏನು? ನನ್ನ ಅಂಕಿಗಳೂ ಮುಗಿಯುವುದಿಲ್ಲ. ಅರ್ಧ ಗೋಡೆ ಬಿಟ್ಟುಕೊಡು."

"ಹೇಳಿ ದೊಡ್ಡಮ್ಮ, ಕೇಳಿ ಬಿಟ್ಟುಕೊಡುತ್ತೇನೆ," ಎಂದಳು ಪೈ.

ದೊಡ್ಡಮ್ಮ ಗಂಟಲು ಸರಿಮಾಡಿಕೊಂಡರು. "ಮೂರು ಪಾಯಿಂಟ್ ಒಂದು ನಾಲ್ಕು ಎರಡು ಎಂಟು ಐದು ಏಳು, ಒಂದು ನಾಲ್ಕು ಎರಡು ಎಂಟು ಐದು ಏಳು, ಒಂದು ನಾಲ್ಕು..."

ಮುಂದಿನದನ್ನು ಹುಡುಗಿಯರೇ ರಾಗವಾಗಿ ಹೇಳತೊಡಗಿದರು.

"ದೊಡ್ಡಮ್ಮ, ಇದನ್ನು ಆಗಲೇ ಹೇಳಿದಿರಿ," ಎಂದಳು ಪೈ ಮೆಲ್ಲನೆ. "ಆರು ಅಂಕಿಗೆ ಅರ್ಧ ಗೋಡೆ ಯಾಕೆ?"

ದೊಡ್ಡಮ್ಮ ಸೆಟೆದು ನಿಂತರು.

"ಹಿರಿಯರ ಮಾತಿನ ನಡುವೆ ಬಾಯಿ ಹಾಕಿದೆ. ಕ್ಷಮೆ ಕೇಳು."